ಡಿಫೆಂಡರ್ ಪದೇ ಪದೇ ಎಡವಿದರೆ ದುಡ್ಡು ತಿಂದಿದ್ದಾನೆ ಅಂತಲೇ?

ತಂಡ ಸೋತರೆ ಸಾಕು, 'ಡಿಫೆಂಡರ್ ಮಾರಿಕೊಂಡಿದ್ದಾನೆ' ಎಂಬ ಮಾತು ಮೊಬೈಲ್‌ನಿಂದ ಮೊಬೈಲ್‌ಗೆ ಓಡುತ್ತದೆ. ಫಿಕ್ಸಿಂಗ್ ಎಲ್ಲೂ ಇಲ್ಲ ಎಂದು ನಾವು ಹೇಳುವುದಿಲ್ಲ; ಆದರೆ ಎಡವಟ್ಟೊಂದೇ ಅದಕ್ಕೆ ಪುರಾವೆಯಲ್ಲ.

2025ರ ಏಪ್ರಿಲ್ 12ರ ಐಎಸ್‌ಎಲ್ ಫೈನಲ್ ನೋಡಿ. ಮೋಹನ್ ಬಾಗಾನ್‌ನ ಅಲ್ಬರ್ಟೊ ರೊಡ್ರಿಗಸ್ ಕ್ರಾಸ್ ತಡೆಯಲು ಹೋಗಿ ಚೆಂಡನ್ನು ತಮ್ಮದೇ ಗೋಲಿಗೆ ಹಾಕಿದರು. ಆಮೇಲೆ ಬೆಂಗಳೂರು ಎಫ್‌ಸಿ ಆಟಗಾರನ ಕೈಗೆ ಚೆಂಡು ತಾಗಿ ಪೆನಾಲ್ಟಿ. ಹೆಚ್ಚುವರಿ ಸಮಯದಲ್ಲಿ ಬೆಂಗಳೂರು 1-2ರಿಂದ ಸೋತಿತು. ಹಾಗಾದರೆ ಎರಡೂ ತಂಡ ಮಾರಿಕೊಂಡವೇ?

ತನ್ನ ಗೋಲಿನತ್ತ ಮುಖ ಮಾಡಿ ಓಡುವವನ ಕಾಲಿಗೆ ತಾಗಿದ ಚೆಂಡು ಅತ್ತಲೇ ಹೋಗುವುದು ಸಹಜ. ಕಣ್ಣು ಚೆಂಡಿನಲ್ಲೇ ನೆಟ್ಟರೆ ಬೆನ್ನ ಹಿಂದಿನ ಎದುರಾಳಿ ಕಾಣುವುದಿಲ್ಲ. 'ನಂದು' ಎಂದು ಯಾರೂ ಕೂಗದಿದ್ದರೆ ಇಬ್ಬರೂ ಬಿಟ್ಟುಬಿಡುತ್ತಾರೆ.

ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಕಡೆ ಇನ್ನೊಂದು ಕಾರಣವಿದೆ: ಬಿಸಿಲು. ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ಬೆವರಿನಲ್ಲಿ ದೇಹತೂಕದ ಶೇ 2ಕ್ಕಿಂತ ಹೆಚ್ಚು ನೀರು ಹೋದರೆ ಕಾಲಷ್ಟೇ ಅಲ್ಲ, ಗಮನವೂ ಸೋಲುತ್ತದೆ. 60 ಕೆ.ಜಿ. ತೂಕದ ಹುಡುಗನಿಗೆ ಅದು ಸುಮಾರು 1.2 ಲೀಟರ್. ಕೊನೆಯ ಹತ್ತು ನಿಮಿಷದಲ್ಲಿ ಅವನು ತಡವರಿಸಿದರೆ ಬೈಯುವ ಮೊದಲು ನೀರು ಕೊಡಿ. ಮಾತು ತೊದಲಿದರೆ ಆಟ ನಿಲ್ಲಿಸಿ, ನೆರಳಿಗೆ ಕರೆದೊಯ್ದು ಮೈಗೆ ತಣ್ಣೀರು ಹಾಕಿ, 108ಕ್ಕೆ ಕರೆ ಮಾಡಿ.