ಆರ್.ಎ. ನೆಗೆಟಿವ್ ಬಂದರೆ ಸಂಧಿವಾತ ಇಲ್ಲವೇ?

‘ಆರ್.ಎ. ಫ್ಯಾಕ್ಟರ್ ನೆಗೆಟಿವ್ ಬಂದಿದೆ, ಸಂಧಿವಾತ ಅಲ್ಲವಂತೆ.’ ಜಯನಗರ, ಬನಶಂಕರಿಯ ಲ್ಯಾಬುಗಳಿಂದ ರಿಪೋರ್ಟ್ ಹಿಡಿದು ಬರುವವರು ಮನೆಯಲ್ಲಿ ಹೇಳುವ ಮಾತು ಇದು. ಎಲ್ಲರಿಗೂ ನಿರಾಳ. ಊದಿದ ಬೆರಳು ಮಾತ್ರ ಇಳಿದಿರುವುದಿಲ್ಲ.

ಆ ಪರೀಕ್ಷೆ ಮುಖ್ಯವಾಗಿ ರುಮಟಾಯ್ಡ್ ಸಂಧಿವಾತದ ಸುಳಿವು ಹುಡುಕಲು. ಸೋರಿಯಾಸಿಸ್ ಎಂಬ ಚರ್ಮರೋಗಕ್ಕೆ ಅಂಟಿಕೊಂಡ ಸೋರಿಯಾಟಿಕ್ ಸಂಧಿವಾತದಲ್ಲಿ ಅದು ಸಾಮಾನ್ಯವಾಗಿ ನೆಗೆಟಿವ್ವೇ. ಈ ಕಾಯಿಲೆಯನ್ನು ಗುರುತಿಸುವ 2006ರ ‘ಕ್ಯಾಸ್ಪರ್’ ಮಾನದಂಡಗಳಂತೂ ನೆಗೆಟಿವ್ ಬಂದದ್ದಕ್ಕೇ ಒಂದು ಅಂಕ ಕೊಡುತ್ತವೆ, ಅದೂ ಕಾಯಿಲೆ ಇದೆ ಎನ್ನುವ ಪಕ್ಷಕ್ಕೆ! ಚರ್ಮದಲ್ಲಿ ಸೋರಿಯಾಸಿಸ್ ಇದ್ದರೆ ಎರಡು ಅಂಕ, ಉಗುರು ಕೆಟ್ಟಿದ್ದರೆ ಒಂದು, ಬೆರಳು ಇಡಿಯಾಗಿ ಊದಿದ್ದರೆ ಒಂದು. ಕೀಲಿನ ಉರಿಯೂತದ ಜೊತೆಗೆ ಮೂರು ಅಂಕ ಸೇರಿದರೆ ಸಾಕು. ಉರಿಯೂತ ಅಳೆಯುವ ರಕ್ತಪರೀಕ್ಷೆಗಳಾದ ಇ.ಎಸ್.ಆರ್., ಸಿ.ಆರ್.ಪಿ. ಕೂಡ ಎಷ್ಟೋ ಜನರಲ್ಲಿ ನಾರ್ಮಲ್ ಇರುತ್ತವೆ.

ಹಾಗಾಗಿ ರಿಪೋರ್ಟಿಗಿಂತ ಮೊದಲು ಕೈಕಾಲು ನೋಡಬೇಕು. ಉಗುರಿನ ಮೇಲೆ ಗುಂಡುಸೂಜಿಯಿಂದ ಚುಚ್ಚಿದಂಥ ಸಣ್ಣ ಕುಳಿಗಳು. ಬುಡದಿಂದ ತುದಿಯವರೆಗೆ ಊದಿದ ಒಂದೇ ಒಂದು ಕಾಲ್ಬೆರಳು. ಹಾಸಿಗೆಯಿಂದ ಇಳಿದ ಮೊದಲ ಹೆಜ್ಜೆಗೇ ಹಿಮ್ಮಡಿ ನೋವು. ಅರ್ಧ ಗಂಟೆ ದಾಟಿದರೂ ಬಿಡದ, ಓಡಾಡಿದ ಮೇಲೆ ಸಡಿಲವಾಗುವ ಬೆಳಗಿನ ಬಿಗಿತ. ಬಿಟಿಎಂ ಲೇಔಟಿನ ಸಾಫ್ಟ್‌ವೇರ್ ಹುಡುಗರು ಹಿಮ್ಮಡಿ ನೋವಿಗೆ ಶೂ ಬದಲಾಯಿಸುತ್ತಾರೆ. ನೆತ್ತಿಯ ಸೋರಿಯಾಸಿಸ್ಸನ್ನು ಹೊಟ್ಟು ಎಂದುಕೊಂಡು ಶಾಂಪೂ ಬದಲಾಯಿಸುತ್ತಾರೆ. ಎರಡೂ ಒಂದೇ ಕಾಯಿಲೆ ಇರಬಹುದೆಂದು ಯಾರೂ ಹೇಳಿರುವುದಿಲ್ಲ. ಕೆಲವರಲ್ಲಿ ಚರ್ಮಕ್ಕಿಂತ ಮೊದಲೇ ಕೀಲು ನೋಯುವುದೂ ಉಂಟು.

ಇನ್ನೂ ಕೆಲವು ತಪ್ಪು ನಂಬಿಕೆಗಳಿವೆ. ಯೂರಿಕ್ ಆಸಿಡ್ ಸೋರಿಯಾಸಿಸ್‌ನಲ್ಲೂ ಏರಬಹುದು. ಅದೊಂದರಿಂದಲೇ ಗೌಟ್ ಎನ್ನಲಾಗದು. ಬದನೆಕಾಯಿ ಬಿಟ್ಟ ಮಾತ್ರಕ್ಕೆ ಕೀಲು ಉಳಿಯುವುದಿಲ್ಲ. ಹೆಚ್ಚಿದ ತೂಕ ಇಳಿಸಿದರೆ ನಿಜಕ್ಕೂ ಉಪಯೋಗವಿದೆ. ಮೆಥೊಟ್ರೆಕ್ಸೇಟ್ ‘ಕ್ಯಾನ್ಸರ್ ಮಾತ್ರೆ’ ಎಂದು ಹೆದರುವವರಿಗೆ: ಈ ಸಂಧಿವಾತಕ್ಕೆ ಕೊಡುವುದು ಕಡಿಮೆ ಪ್ರಮಾಣ, ವಾರಕ್ಕೊಮ್ಮೆ ಮಾತ್ರ. ತಪ್ಪಿ ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ.

ಬೇಸರದ ಸಂಗತಿಯೆಂದರೆ, ಡಾಕ್ಟರ ಮಾತ್ರೆಗೆ ನೂರು ಪ್ರಶ್ನೆ ಕೇಳುವವರೇ ಹೆಸರು, ವಿಳಾಸವಿಲ್ಲದ ಪೊಟ್ಟಣದ ಪುಡಿಯನ್ನು ಕಣ್ಣುಮುಚ್ಚಿ ನುಂಗುತ್ತಾರೆ. ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದು ಹೊಸ ಸುದ್ದಿಯಲ್ಲ. ಮೂರು ದಿನದಲ್ಲಿ ನೋವು ಮಾಯ. ನಿಲ್ಲಿಸಿದ ಮೇಲೆ ಸೋರಿಯಾಸಿಸ್ ಮೈತುಂಬ ಕೆರಳಬಹುದು.

ರುಮಟಾಲಜಿ ವೈದ್ಯರನ್ನು ಕಾಣುವುದು ಆರು ತಿಂಗಳಿಗಿಂತ ತಡವಾದವರಲ್ಲಿ ಕೀಲಿನ ಮೂಳೆ ಸವೆತ ಹೆಚ್ಚಿರುವುದನ್ನು ಐರ್ಲೆಂಡಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಸವೆದ ಮೂಳೆ ಮೊದಲಿನಂತಾಗುವುದಿಲ್ಲ. ಸೋರಿಯಾಸಿಸ್ ಇದ್ದು ಕೀಲು ಊದಿದ್ದರೆ, ರಿಪೋರ್ಟ್ ಏನೇ ಹೇಳಲಿ, ರುಮಟಾಲಜಿ ವೈದ್ಯರಿಗೆ ಈ ತಿಂಗಳೇ ತೋರಿಸಿ. ಚಪ್ಪಲಿ ಬಿಚ್ಚಿ ಕಾಲಿನ ಉಗುರನ್ನೂ ತೋರಿಸಿ.