ಭೀಮಿಲಿ: ಕಡಲತಡಿಯ ಹಳೆಯ ಪಟ್ಟಣದಲ್ಲಿ ಒಂದು ದಿನ

ಬಂದರು, ಉಕ್ಕಿನ ಕಾರ್ಖಾನೆ, ರೈಲ್ವೆ, ನೌಕಾದಳ, ಬ್ಯಾಂಕು, ಈಚೆಗೆ ಅಚ್ಯುತಾಪುರಂ ವಿಶೇಷ ಆರ್ಥಿಕ ವಲಯದ ಔಷಧ ಕಾರ್ಖಾನೆಗಳು, ಹೀಗೆ ನಾನಾ ವೃತ್ತಿಗಳ ನಿಮಿತ್ತ ವಿಶಾಖಪಟ್ಟಣದ ಸುತ್ತಮುತ್ತ ನೆಲೆಸಿದ ಕನ್ನಡಿಗರಿಗೆ ಸಮುದ್ರವು ಹೊಸದೇನಲ್ಲ. ಆದರೆ ದಿನನಿತ್ಯ ಕಾಣುವುದನ್ನು ನಾವು ನೋಡುವುದು ಅಪರೂಪ. ದೀರ್ಘ ರಜೆಗೆ ಕಾಯದೆ ಒಂದೇ ದಿನದಲ್ಲಿ ದೇಹಕ್ಕೂ ಮನಸ್ಸಿಗೂ ವಿಶ್ರಾಂತಿ ಬಯಸುವವರಿಗೆ ಭೀಮುನಿಪಟ್ಟಣ, ಜನರ ಬಾಯಲ್ಲಿ ಭೀಮಿಲಿ, ಯೋಗ್ಯವಾದ ತಾಣ.

ವಿಶಾಖಪಟ್ಟಣದಿಂದ ಉತ್ತರಕ್ಕೆ ಸುಮಾರು 25-30 ಕಿ.ಮೀ. ದೂರದ ಈ ಪ್ರಯಾಣದಲ್ಲಿ ಹಾದಿಯೇ ಅರ್ಧ ಸೊಗಸು. ಬಲಕ್ಕೆ ಕಡಲು, ಎಡಕ್ಕೆ ಪೂರ್ವಘಟ್ಟದ ಗುಡ್ಡಗಳು. ಪ್ರಾಚೀನ ಬೌದ್ಧ ವಿಹಾರಗಳಿದ್ದ ಈ ಬೆಟ್ಟಗಳ ಹೆಸರುಗಳು ಕನ್ನಡಿಗನಿಗೆ ಬಹುಮಟ್ಟಿಗೆ ತಾವಾಗಿಯೇ ಅರ್ಥ ಹೇಳುತ್ತವೆ. ತೊಟ್ಲಕೊಂಡವೆಂದರೆ ಬಂಡೆಯಲ್ಲಿ ಕೊರೆದ ತೊಟ್ಟಿಗಳ ಬೆಟ್ಟ. ಬಾವಿಕೊಂಡವೆಂದರೆ ಬಾವಿಗಳ ಬೆಟ್ಟ. ಭೀಮಿಲಿಯ ಬಳಿಯ ಪಾವುರಾಲಕೊಂಡವೆಂದರೆ ಪಾರಿವಾಳಗಳ ಬೆಟ್ಟ. ಮಳೆನೀರನ್ನು ಹಿಡಿದಿಟ್ಟು ವರ್ಷವಿಡೀ ಬಳಸಿದ ಆ ಭಿಕ್ಷುಗಳ ದೂರದೃಷ್ಟಿ ನಗರವಾಸಿಗಳಾದ ನಮಗೆ ಪಾಠವಾಗಬೇಕು. ಮುಂದೆ ಕಾಣುವ ಕೆಂಪು ಮರಳ ದಿಬ್ಬಗಳು ಪ್ರಕೃತಿಯು ಸಾವಿರಾರು ವರ್ಷಗಳಲ್ಲಿ ಗಾಳಿ, ನೀರುಗಳಿಂದ ರಚಿಸಿದ ಶಿಲ್ಪ. ಅವನ್ನು ತುಳಿದು ಕೆಡಿಸದೆ ನೋಡುವುದು ನಮ್ಮ ಕರ್ತವ್ಯ.

ಅನಂತಗಿರಿಯ ಬೆಟ್ಟಗಳಲ್ಲಿ ಹುಟ್ಟಿ, ಬೊರ್ರಾ ಗುಹೆಗಳನ್ನು ಹಾದು ಬರುವ ಗೋಸ್ಥನಿ ನದಿ ಭೀಮಿಲಿಯಲ್ಲಿ ಕಡಲನ್ನು ಸೇರುತ್ತದೆ. 17ನೆಯ ಶತಮಾನದಲ್ಲಿ ಡಚ್ಚರು ಇಲ್ಲಿ ವ್ಯಾಪಾರಕೋಠಿಯನ್ನು ಸ್ಥಾಪಿಸಿದರು. 1825ರಲ್ಲಿ ಊರು ಇಂಗ್ಲಿಷರ ವಶವಾಯಿತು. ಡಚ್ಚರ ಹಳೆಯ ಸ್ಮಶಾನ ಇಂದಿಗೂ ಇದೆ. ಸಾವಿರಾರು ಮೈಲಿ ದೂರದಿಂದ ಜೀವನೋಪಾಯಕ್ಕಾಗಿ ಬಂದು ಇಲ್ಲಿಯೇ ಮಣ್ಣಾದವರ ಸಮಾಧಿಗಳ ಮುಂದೆ, ತವರು ಬಿಟ್ಟು ಬಂದ ನಮ್ಮಂಥವರು ಒಂದು ಗಳಿಗೆ ಮೌನವಾಗಿ ನಿಲ್ಲದಿರಲಾರೆವು.

ಒಂದು ಕಾಲಕ್ಕೆ ಇಲ್ಲಿಂದ ರಫ್ತಾಗುತ್ತಿದ್ದ ನಾರಿಗೆ ವ್ಯಾಪಾರಲೋಕದಲ್ಲಿ 'ಬಿಮ್ಲಿ ಸೆಣಬು' ಎಂದೇ ಹೆಸರು. ಅದು ನಮ್ಮ ಉತ್ತರ ಕರ್ನಾಟಕದ ಪುಂಡಿಯ ಗಿಡವೇ! ರೊಟ್ಟಿಯೊಡನೆ ಪುಂಡಿಪಲ್ಯ ಸವಿದವರು ಇದನ್ನು ಕೇಳಿ ಹಿಗ್ಗಬಹುದು. ಸಮಯ ಮಿಕ್ಕರೆ ಸಿಂಹಾಚಲಕ್ಕೂ ಹೋಗಬಹುದು. ಗಜಪತಿಯನ್ನು ಗೆದ್ದ ಕೃಷ್ಣದೇವರಾಯನು 1516ರಲ್ಲಿ ಅಲ್ಲಿಗೆ ಬಂದುದಕ್ಕೆ ಶಾಸನದ ಸಾಕ್ಷ್ಯವಿದೆ.

ಇಷ್ಟೆಲ್ಲ ಹೇಳಿದ ಮೇಲೆ ಆರೋಗ್ಯ, ಸುರಕ್ಷತೆಗಳ ಮಾತನ್ನು ಮರೆಯಲಾಗದು. ಈ ಕರಾವಳಿಯ ಸಮುದ್ರ ಶಾಂತವಾಗಿ ಕಂಡರೂ ನಂಬಲರ್ಹವಲ್ಲ. 2022ರ ಜುಲೈ ತಿಂಗಳಲ್ಲಿ ಅಚ್ಯುತಾಪುರಂ ಸಮೀಪದ ಪೂಡಿಮಡಕ ಕಡಲತೀರಕ್ಕೆ ವಿಹಾರಕ್ಕೆಂದು ಬಂದ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಅಲೆಗಳ ಪಾಲಾದರು. ದಡಕ್ಕೆ ಬಂದ ನೀರು ಒಂದು ಕಿರುದಾರಿಯಲ್ಲಿ ರಭಸದಿಂದ ಹಿಂದಿರುಗುವಾಗ ಉಂಟಾಗುವ ಸೆಳವು ನುರಿತ ಈಜುಗಾರನನ್ನೂ ಒಳಕ್ಕೆ ಒಯ್ಯಬಲ್ಲದು. ಸುತ್ತಲೂ ಅಲೆ ಒಡೆಯುತ್ತಿರುವಾಗ ನಡುವೆ ಒಂದು ಪಟ್ಟಿ ಮಾತ್ರ ನಿಶ್ಚಲವಾಗಿ ಕಂಡರೆ ಅಲ್ಲಿಗೆ ಇಳಿಯಲೇಬಾರದು. ಸೆಳವಿಗೆ ಸಿಕ್ಕಿದವರು ದಡದತ್ತ ಹೋರಾಡಿ ದಣಿಯದೆ, ದಡಕ್ಕೆ ಸಮಾನಾಂತರವಾಗಿ ಈಜಿ ಪಾರಾಗಬೇಕು. ಈಜಲಾಗದಿದ್ದರೆ ತೇಲುತ್ತ ಕೈಯೆತ್ತಿ ಕೂಗಬೇಕು. ನೆರವಾಗುವವರು ತಾವೂ ಹಾರದೆ ಹಗ್ಗವನ್ನೋ ಖಾಲಿ ಡಬ್ಬವನ್ನೋ ಎಸೆಯುವುದು ಲೇಸು. ಮೇಲೆ ತಂದವರ ಹೊಟ್ಟೆಯನ್ನು ಒತ್ತಬಾರದು, ತಲೆಕೆಳಗೆ ಮಾಡಲೂಬಾರದು. ಉಸಿರಿಲ್ಲದಿದ್ದರೆ, ತಿಳಿದವರು ಕೂಡಲೇ ಬಾಯಿಗೆ ಬಾಯಿಟ್ಟು ಉಸಿರು ನೀಡಿ ಎದೆಯೊತ್ತಬೇಕು. ಜೊತೆಯಲ್ಲಿದ್ದವರು 108ಕ್ಕೆ ಕರೆ ಮಾಡಬೇಕು.

ನವೆಂಬರ್ ಕೊನೆಯಿಂದ ಫೆಬ್ರವರಿಯವರೆಗಿನ ಕಾಲ ಈ ಪ್ರವಾಸಕ್ಕೆ ಹಿತಕರ. ಬೆಳಗಿನಲ್ಲೇ ಹೊರಟು, ಮಧ್ಯಾಹ್ನದ ಬಿಸಿಲನ್ನು ನೆರಳಲ್ಲಿ ಕಳೆಯಬೇಕು. ಮನೆಯಿಂದ ಕುಡಿಯುವ ನೀರು, ಮೊಸರನ್ನದ ಬುತ್ತಿ, ಟೊಪ್ಪಿಗೆ ಜೊತೆಗಿರಲಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಉಳ್ಳ ಹಿರಿಯರ ಮಾತ್ರೆಗಳು ಮರೆತುಹೋಗದಿರಲಿ. ಮಕ್ಕಳು ನೀರಿಗಿಳಿದಾಗ ದೊಡ್ಡವರೊಬ್ಬರ ಕಣ್ಣು ಅವರ ಮೇಲೆಯೇ ಇರಲಿ. ಮೊಣಕಾಲು ಮುಳುಗದಷ್ಟು ನೀರಿನಲ್ಲಿಯೂ ಸಮುದ್ರದ ಸುಖ ಪೂರ್ಣವಾಗಿಯೇ ದೊರೆಯುತ್ತದೆ.