ಬೂದಿಯ ಕೆಳಗೂ ಮೇಲೂ



ಪಾತ್ರೆ ತಿಕ್ಕುವ ಪುಡಿಯಲ್ಲಿ ಮನುಕುಲದ ಚರಿತ್ರೆ ಅಡಗಿದೆ ಎಂದರೆ ನಂಬುತ್ತೀರಾ? ಆಂಧ್ರಪ್ರದೇಶದ ಬನಗಾನಪಲ್ಲಿಯ ಸಮೀಪ ಜ್ವಾಲಾಪುರ ಎಂಬ ಹಳ್ಳಿಯಿದೆ. ಆದವಾನಿಯ ಕಡೆಯ ನಮ್ಮ ಕೇಳುಗರಿಗೆ ಅದು ತೀರ ದೂರದ ಊರೇನಲ್ಲ. ಅಲ್ಲಿ ನೆಲದಡಿ ನುಣುಪಾದ ಬೂದಿಯ ದಪ್ಪ ಪದರವಿದೆ. ಜನ ಅದನ್ನು ಅಗೆದು ತೊಳೆಯುವ ಪುಡಿಗೆಂದು ಮಾರಿದ್ದುಂಟು.

ಅದು ಯಾವ ಒಲೆಯ ಬೂದಿಯೂ ಅಲ್ಲ. ಸುಮಾರು 74,000 ವರ್ಷಗಳ ಹಿಂದೆ ಇಂಡೋನೇಷ್ಯಾದ ಸುಮಾತ್ರಾ ದ್ವೀಪದಲ್ಲಿ ಟೋಬಾ ಜ್ವಾಲಾಮುಖಿ ಸಿಡಿಯಿತು. ಅದರ ಕುಳಿಯಲ್ಲಿ ಇಂದು ಸುಮಾರು 100 ಕಿಲೋಮೀಟರ್ ಉದ್ದದ ಸರೋವರವಿದೆ. ಅದರ ಬೂದಿ ಬಂಗಾಳ ಕೊಲ್ಲಿಯನ್ನು ದಾಟಿ ನಮ್ಮ ನೆಲಕ್ಕೂ ಬಂದು ಬಿತ್ತು. ಆ ಕಾಲದಲ್ಲಿ ಮನುಷ್ಯಕುಲವೇ ಅಳಿವಿನ ಅಂಚಿಗೆ ಹೋಗಿತ್ತೆಂದು ಕೆಲವು ವಿದ್ವಾಂಸರು ಭಾವಿಸಿದ್ದರು.

ಆದರೆ ಮೈಕೇಲ್ ಪೆಟ್ರಾಗ್ಲಿಯಾ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮತ್ತು ಸಂಗಡಿಗರು 2007ರಲ್ಲಿ ಬೇರೊಂದು ಸಂಗತಿಯನ್ನು ಪ್ರಕಟಿಸಿದರು. ಜ್ವಾಲಾಪುರದಲ್ಲಿ ಬೂದಿಯ ಕೆಳಗೂ ಕಲ್ಲಿನ ಆಯುಧಗಳಿದ್ದವು, ಮೇಲೂ ಇದ್ದವು. ಎರಡರ ಮಾಟವೂ ಹೆಚ್ಚುಕಡಿಮೆ ಒಂದೇ. ಅಲ್ಲಿ ಆ ಕಾಲದ ಮನುಷ್ಯರ ಎಲುಬು ದೊರೆತಿಲ್ಲ. ಹಾಗಾಗಿ ಅವರು ಯಾವ ಬಗೆಯ ಮಾನವರು ಎಂಬ ಚರ್ಚೆ ಮುಗಿದಿಲ್ಲ. ಆದರೂ ಆ ಕಸುಬು ನಿಂತುಹೋಗಲಿಲ್ಲ ಎಂಬುದನ್ನು ಕಲ್ಲುಗಳು ಹೇಳುತ್ತವೆ.

ಇದರ ಅರ್ಥವೇನು? ಯಾವ ಕಲ್ಲು ಒಳ್ಳೆಯದು, ಎಲ್ಲಿ ಹೊಡೆದರೆ ಚಕ್ಕೆ ಏಳುತ್ತದೆ ಎಂಬುದನ್ನು ಯಾರೂ ಹುಟ್ಟುತ್ತಲೇ ಅರಿಯರು. ಹಿರಿಯರು ತೋರಿಸಬೇಕು, ಮಕ್ಕಳು ನೋಡಿ ಕಲಿಯಬೇಕು. ನಮ್ಮ ಮಿದುಳು ಮೈತೂಕದಲ್ಲಿ ನೂರಕ್ಕೆ ಎರಡು ಪಾಲು ಮಾತ್ರ. ಆದರೆ ವಿಶ್ರಾಂತಿಯಲ್ಲಿದ್ದಾಗಲೂ ದೇಹದ ಶಕ್ತಿಯ ಐದನೆಯ ಒಂದು ಪಾಲನ್ನು ಅದೇ ಬಳಸುತ್ತದೆ. ಹಾಗೆಂದು ದೊಡ್ಡ ಮಿದುಳೊಂದೇ ಕಾಯುವುದಿಲ್ಲ. ಯುರೋಪಿನ ನಿಯಾಂಡರ್ತಾಲ್ ಮಾನವರ ಮಿದುಳು ನಮ್ಮಷ್ಟೇ ದೊಡ್ಡದಿತ್ತು. ಸುಮಾರು 40,000 ವರ್ಷಗಳ ಹಿಂದೆ ಅವರು ಕಾಣೆಯಾದರು.

ಇಂದು ಆಪತ್ತು ಜ್ವಾಲಾಮುಖಿಯಿಂದಲೇ ಬರಬೇಕೆಂದಿಲ್ಲ. 1945ರಲ್ಲಿ ಹಿರೋಷಿಮಾವನ್ನು ಸುಟ್ಟದ್ದು ನಮ್ಮದೇ ಬುದ್ಧಿ. ಊರೂರಿಗೆ ಹೋಗಿ ಲಸಿಕೆ ಹಾಕಿ ಸಿಡುಬನ್ನು ತೊಲಗಿಸಿದ್ದೂ ಅದೇ ಬುದ್ಧಿ. ಆ ರೋಗ ನಿರ್ಮೂಲವಾಯಿತೆಂದು 1980ರಲ್ಲಿ ಜಗತ್ತಿಗೆ ಸಾರಲಾಯಿತು. ಯಾವುದು ನಮ್ಮನ್ನು ಉಳಿಸಿತು, ಯಾವುದು ಸುಟ್ಟಿತು ಎಂಬ ಎರಡು ನೆನಪನ್ನೂ ಮುಂದಿನವರಿಗೆ ಒಪ್ಪಿಸಬೇಕು.

ನಿಮ್ಮ ಊರಿನ ಬರಗಾಲದಲ್ಲಿ ಯಾವ ಬಾವಿ ಬತ್ತಲಿಲ್ಲ, ಯಾವ ಕಾಳು ಕೈಹಿಡಿಯಿತು ಎಂಬುದು ನಿಮಗೆ ಗೊತ್ತು. ಮನೆಯ ಮಾತಿನಲ್ಲಾಗಲಿ, ಶಾಲೆಯ ಮಾತಿನಲ್ಲಾಗಲಿ, ಅದನ್ನು ಮಕ್ಕಳಿಗೆ ಹೇಳಿಡಿ. ಹೇಳದೆ ಉಳಿದದ್ದು ಬಲ್ಲವರೊಂದಿಗೇ ಹೊರಟುಹೋಗುತ್ತದೆ.